24.4 ವೋಲ್ಟ್, ಎಲ್ಲ ಹಸಿರು

ಆಫೀಸಿನ ಗೋಡೆಗೆ ದೊಡ್ಡ ಟಿವಿ ಬಂದಮೇಲೆ ನಮ್ಮ ಸರ್ವಿಸ್ ಕೆಲಸದ ವರಸೆಯೇ ಬದಲಾಯಿತು. ನಾವು ಸೋಲಾರ್ ಕೂರಿಸಿಕೊಟ್ಟ ಮನೆಗಳೆಲ್ಲ ಅದರ ಮೇಲೆ ಚುಕ್ಕಿಗಳು. ಹಸಿರಿದ್ದರೆ ಹೋಗಬೇಡಿ, ಕೆಂಪಾದರೆ ಹೊರಡಿ. ಡೀಸೆಲ್ ಉಳಿಯುತ್ತದೆ ಅಂತ ಮೇಲಿನವರ ಲೆಕ್ಕ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ವಿಸಿಟ್ಟು ಮೂರು ತಿಂಗಳಿಗೊಮ್ಮೆ ಇದ್ದದ್ದು ಆರು ತಿಂಗಳಿಗೊಮ್ಮೆ ಆಯಿತು. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಖುಷಿಯೇ ಆಗಿತ್ತು. ಜುಲೈ ತಿಂಗಳಲ್ಲಿ ಸಾಗರ ಪೇಟೆಯಿಂದ ಶರಾವತಿ ಹಿನ್ನೀರಿನ ಆಚೆ ಹೋಗಿ ಬಂದವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಗುವ ಮೊದಲಿನ ಮಳೆಗಾಲದ ಮಾತು. ಹೊಳೆಬಾಗಿಲಲ್ಲಿ ಜನ, ಜೀಪು ಎಲ್ಲ ದಾಟಿಸುವ ಲಾಂಚ್ ಕಾಯಬೇಕಿತ್ತು, ಗಾಳಿ ಜೋರಾದರೆ ಅದೂ ನಿಲ್ಲುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಊರೂರು ಮುಳುಗಿಸಿದರು, ಆ ನೀರಿನಿಂದ ನಾಡಿಗೆಲ್ಲ ಕರೆಂಟ್ ಹೋಯಿತು. ಅದೇ ನೀರಿನ ದಡದಲ್ಲಿ, ಕಾಡಿನೊಳಗೆ, ಕಂಬವನ್ನೇ ಕಾಣದ ಒಂಟಿಮನೆಗಳು ಉಳಿದುಕೊಂಡವು. ಅವರೇ ನಮ್ಮ ಗಿರಾಕಿಗಳು, ಹಾಗಾಗಿ ಈ ವಿಚಾರದಲ್ಲಿ ನಾನು ಹೆಚ್ಚು ಸಿಟ್ಟು ತೋರಿಸಿದರೆ ಚೆನ್ನಾಗಿರುವುದಿಲ್ಲ.

ತುಮರಿಯಿಂದ ಒಳಗೆ ಅಂಥದ್ದೇ ಒಂದು ಮನೆ. 335 ವ್ಯಾಟಿನ ಎರಡು ಪ್ಯಾನೆಲ್, 24 ವೋಲ್ಟಿನ ಪಿಸಿಯು (ಚಾರ್ಜಿಂಗನ್ನೂ ನೋಡಿಕೊಳ್ಳುವ ಇನ್ವರ್ಟರ್ ಡಬ್ಬ), 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಎರಡು, ಒಂದರ ಬೆನ್ನಿಗೊಂದು ಸೀರೀಸ್‌ನಲ್ಲಿ. ಆ ಮನೆಯ ಅಕ್ಕ ಫೋನ್ ಮಾಡಿದರು: “ತಮಾ, ಮಿಕ್ಸಿ ತಿರುಗಿಸಿದ ಕೂಡ್ಲೆ ಇನ್ವರ್ಟರ್ ಕೂಗಿ ಬಂದಾಗ್ತದೆ. ಬೆಳಿಗ್ಗೆ ಚಟ್ನಿಗೆ ಒರಳು ತೊಳೆದಿಟ್ಕೊಂಡಿದ್ದೇನೆ.”

ಆ್ಯಪ್ ತೆಗೆದೆ. ಬೆಳಿಗ್ಗೆ 24.4 ವೋಲ್ಟ್, ಎಸ್‌ಒಸಿ (ಉಳಿದ ಚಾರ್ಜ್) ಅರ್ಧಕ್ಕಿಂತ ಮೇಲೆ. ಹಿಂದಿನ ದಿನ ಮಧ್ಯಾಹ್ನ ಮೋಡ ಬಿಟ್ಟುಕೊಟ್ಟ ಹೊತ್ತಲ್ಲಿ 28.2 ಮುಟ್ಟಿದೆ, ಬ್ಯಾಟರಿ ಚಿತ್ರ ತುಂಬಿ ಹಸಿರಾಗಿದೆ. “ಅಕ್ಕಾ, ಮೋಡ ಅಲ್ವಾ, ಲೋಡ್ ಸ್ವಲ್ಪ ಕಡಿಮೆ ಮಾಡಿ” ಅಂತ ಹೇಳಿ ಕಂಪ್ಲೇಂಟಿನ ಟಿಕೆಟ್ ಕ್ಲೋಸ್ ಮಾಡಿದೆ. ಅವರು, “ನಮ್ಮನೆ ಮೇಲಿನ ಮೋಡ ನಿಂಗೆ ಅಲ್ಲಿಂದ ಕಾಣ್ತದಾ?” ಅಂದು ಫೋನ್ ಇಟ್ಟರು.

ಆ್ಯಪಿನ ಡೇಟಾ ಬರುವುದು ಐದು ನಿಮಿಷಕ್ಕೊಮ್ಮೆ. ಚಟ್ನಿ ಆಗುವುದು ಎರಡು ನಿಮಿಷಕ್ಕೆ. ಇದು ನನಗೆ ಆಗಲೇ ಹೊಳೆಯಬೇಕಿತ್ತು.

ಮತ್ತೆ ಫೋನ್ ಬಂದಾಗ ಅಕ್ಕ ಹೊಸದೊಂದು ಸಂಗತಿ ಹೇಳಿದರು. ಬಾಗಿಲ ಕಡೆಯ ಬ್ಯಾಟರಿ ನೀರು ಸಿಕ್ಕಾಪಟ್ಟೆ ಕುಡಿಯುತ್ತಿದೆ, ಗೋಡೆ ಕಡೆಯದಕ್ಕೆ ಹಾಕುವುದೇ ಬೇಡ. ಆಹಾ, ಸಿಕ್ಕಿತು ಅಂದುಕೊಂಡೆ. ನೀರು ಕುಡಿಯುವ ಬ್ಯಾಟರಿ ಅಂದರೆ ಕೆಟ್ಟ ಬ್ಯಾಟರಿ, ಇದು ನಮ್ಮ ಲೈನಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ವಾರಂಟಿ ಇನ್ನೂ ಇತ್ತು. ಸ್ಟೋರಿನಿಂದ ಹೊಸದೊಂದನ್ನು ಇಶ್ಯೂ ಮಾಡಿಸಿಕೊಂಡು, ನಮ್ಮ ಹುಡುಗನನ್ನು ಕರೆದುಕೊಂಡು, ಜೀಪನ್ನು ಲಾಂಚಿಗೆ ಹತ್ತಿಸಿದೆ.

ನೀರು, ಆಸಿಡ್ ತುಂಬಿದ ಟಾಲ್ ಟ್ಯೂಬುಲರ್ ಐವತ್ತು ಕೆಜಿಗೆ ಮೇಲೆಯೇ ತೂಗುತ್ತದೆ, ಓರೆ ಮಾಡುವ ಹಾಗೂ ಇಲ್ಲ. ಜೀಪ್ ನಿಲ್ಲುವ ಜಾಗದಿಂದ ಮನೆಗೆ ಇಳಿಜಾರು, ಆಮೇಲೆ ಕಾಲುಸಂಕ. ಅಡಿಕೆ ದಬ್ಬೆ ಮಳೆಗೆ ಪಾಚಿ ಕಟ್ಟಿ ಲೋಳೆಯಾಗಿತ್ತು. ಹುಡುಗ ಮುಂದೆ, ನಾನು ಹಿಂದೆ, ಕೆಳಗೆ ಕೆಂಪು ನೀರು. ಅವನು ನನಗೆ ಮನಸ್ಸಿನಲ್ಲೇ ಬೈದದ್ದು ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಬ್ಯಾಟರಿ ಇದ್ದದ್ದು ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ. ಕೊನೆಯ ಲಾಂಚಿಗೆ ಹೊತ್ತಾಗುತ್ತಿತ್ತು. ಪ್ಯಾನೆಲ್ ಎಂಸಿಬಿ ಆಫ್, ಪಿಸಿಯು ಆಫ್, ಮೊದಲು ನೆಗೆಟಿವ್ ಬಿಚ್ಚಿ ಆಮೇಲೆ ಸೀರೀಸ್ ಲಿಂಕ್. ಬಾಗಿಲ ಕಡೆಯದನ್ನು ಎಳೆದು ಹೊರಗಿಟ್ಟಾಯಿತು. ಹುಡುಗ ಹೊಸದರ ಹಿಡಿಕೆಗೆ ಕೈ ಹಾಕಿಯೂ ಆಗಿತ್ತು. ಅಷ್ಟರಲ್ಲಿ ಕ್ಲೇಮ್ ಫಾರ್ಮ್ ನೆನಪಾಯಿತು. ಆರೂ ಸೆಲ್ಲಿನ ಗ್ರ್ಯಾವಿಟಿ (ಒಳಗಿನ ಆಸಿಡ್ಡಿನ ಸಾಂದ್ರತೆ, ಚಾರ್ಜ್ ಇಳಿದರೆ ಇದೂ ಇಳಿಯುತ್ತದೆ) ಬರೆಯದೆ ಕೊಟ್ಟರೆ ಸ್ಟೋರಿನವರು ಮುಖಕ್ಕೇ ಎಸೆಯುತ್ತಾರೆ. ಈ ಫಾರ್ಮಿಗೆ ನಾನು ಶಾಪ ಹಾಕದ ದಿನವಿಲ್ಲ. ಎಷ್ಟೋ ಜನ ಅಂದಾಜಿಗೆ 1100 ಅಂತ ಗೀಚಿ ಕಳಿಸುತ್ತಾರೆ. ಅವತ್ತು ನಾನೂ ಹಾಗೇ ಗೀಚಬಹುದಿತ್ತು. ಮಳೆ ಅಂತ ಪೆನ್ನು ಬ್ಯಾಗಿನ ತಳಕ್ಕೆ ಹೋಗಿತ್ತು, ಅದಕ್ಕೆ ಕೈ ಹಾಕಿದಾಗ ಮೇಲೆ ಸಿಕ್ಕಿದ್ದು ಆ ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್.

ಮೊದಲ ಸೆಲ್ಲಿನ ನೀರೆಳೆದೆ. ತೇಲುಕಡ್ಡಿ ಎದ್ದು ಹಸಿರು ಪಟ್ಟಿಯಲ್ಲಿ ನಿಂತಿತು. 1240. ಕಡ್ಡಿ ಗಾಜಿಗೆ ಅಂಟಿಕೊಂಡಿದೆಯೇನೋ ಅಂತ ಬೆರಳಲ್ಲಿ ತಟ್ಟಿದೆ. ಸ್ವಲ್ಪ ಅಲುಗಾಡಿ ಮತ್ತೆ ಅಲ್ಲೇ. ಎರಡನೇ ಸೆಲ್ 1240, ಮೂರನೆಯದು 1235. ಆರೂ ಹಾಗೆಯೇ. ನಾನು ಕೆಟ್ಟದ್ದು ಅಂತ ಬಿಚ್ಚಿ ಹೊರಗಿಟ್ಟ ಬ್ಯಾಟರಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕುತ್ತಿಗೆಯಲ್ಲಿ ಬೆವರು ಶುರುವಾಯಿತು. ಹುಡುಗ ನನ್ನ ಮುಖ ನೋಡುತ್ತಿದ್ದ, ನಾನು ಅವನ ಮುಖ ನೋಡದೆ ಗೋಡೆ ಕಡೆಯದಕ್ಕೆ ಬಗ್ಗಿದೆ. ಕಡ್ಡಿ ಏಳಲೇ ಇಲ್ಲ. 1140, 1135, 1140.

ಮೀಟರ್ ಹಿಡಿದೆ. ಒಂದು 12.5, ಇನ್ನೊಂದು 11.9. ಕೂಡಿದರೆ 24.4. ಟಿವಿಯಲ್ಲಿ ಇದ್ದದ್ದೂ ಅದೇ.

ಬಿಸಿಲು ಬಂದಾಗಿನ 28.2 ಕೂಡ ಹಾಗೆಯೇ ಆಗಿದ್ದದ್ದು. ಗಟ್ಟಿಯಾದದ್ದು ಬೇಗ ತುಂಬಿ 15ಕ್ಕೂ ಮೇಲೆ ಹೋಗುತ್ತಿತ್ತು, ಹಸಿದದ್ದು 13 ಕೂಡ ಮುಟ್ಟುತ್ತಿರಲಿಲ್ಲ. ಪಿಸಿಯುಗೆ ಕಾಣುವುದು ಮೊತ್ತ ಮಾತ್ರ. ಸಾಕು, ತುಂಬಿತು ಅಂತ ಅದು ಚಾರ್ಜಿಂಗ್ ಇಳಿಸಿಬಿಡುತ್ತಿತ್ತು. ತುಂಬಿದ ಬ್ಯಾಟರಿಗೆ ಮತ್ತೂ ತುರುಕಿದರೆ ಗ್ಯಾಸ್ ಎದ್ದು ನೀರು ಖಾಲಿಯಾಗುತ್ತದೆ. ಚಾರ್ಜೇ ಆಗದ್ದರಲ್ಲಿ ಗ್ಯಾಸ್ ಎಲ್ಲಿಂದ ಬರಬೇಕು, ನೀರು ಯಾಕೆ ಇಳಿಯಬೇಕು? ಅಕ್ಕ ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು. ಅದನ್ನು ತಲೆಕೆಳಗು ಓದಿದವನು ನಾನು.

ಆದರೆ ಸೀರೀಸ್‌ನಲ್ಲಿ ಎರಡಕ್ಕೂ ಹರಿಯುವ ಕರೆಂಟ್ ಒಂದೇ ಅಲ್ಲವೇ, ಒಂದೇ ಯಾಕೆ ಹಿಂದೆ ಬೀಳಬೇಕು? ಟಾರ್ಚ್ ಹಾಕಿ ಹಿಂದೆ ನೋಡಿದರೆ ಗೋಡೆ ಕಡೆಯ ಬ್ಯಾಟರಿಯ ಎರಡು ಟರ್ಮಿನಲ್ಲಿಂದ ಸಣ್ಣ ಕೆಂಪು-ಕಪ್ಪು ವೈರು ಹೊರಟು, ಗೋಡೆ ಹತ್ತಿ, ಹೆಂಚಿನ ಸಂದಿಯಲ್ಲಿ ಮಾಯವಾಗಿತ್ತು. ಕೊಡೆ ಹಿಡಿದು ಹಿಂಬಾಲಿಸಿದೆ. ಕೊಟ್ಟಿಗೆಯ ಕಂಬದಲ್ಲಿ ಝಟ್ಕಾ ಮಷೀನು, ಹಂದಿ ಬಾರದಂತೆ ತೋಟದ ತಂತಿಬೇಲಿಗೆ ಶಾಕ್ ಕೊಡುವಂಥದ್ದು, ಟಕ್ ಟಕ್ ಅನ್ನುತ್ತಿತ್ತು.

ಮಳೆಗೆ ಮುಂಚೆ ಬೇಲಿಯ ಬ್ಯಾಟರಿ ಸತ್ತಿತ್ತಂತೆ. ಮಷೀನು 12 ವೋಲ್ಟಿನದು, ಉಗ್ರಾಣದಲ್ಲಿ 12 ವೋಲ್ಟಿನ ಬ್ಯಾಟರಿ ಎರಡೆರಡು ಇವೆ, ಒಂದಕ್ಕೆ ಕೊಟ್ಟರಾಯಿತು ಅಂತ ಯಜಮಾನರು ಸಿಕ್ಕಿಸಿದ್ದರು. ಎಳೆಯುವುದು ಸರಾಸರಿ ಕಾಲು ಆಂಪಿಯರ್. ಏನು ಮಹಾ ಅನ್ನಿಸುತ್ತದೆ. ಹಗಲೂ ರಾತ್ರಿ ಅಂದರೆ ದಿನಕ್ಕೆ 6 ಎಎಚ್, ಅದೂ ಒಂದೇ ಬ್ಯಾಟರಿಯಿಂದ. ಬೇಸಿಗೆಯಾಗಿದ್ದರೆ ಬಿಸಿಲಿನ ಹೆಚ್ಚುವರಿಯಲ್ಲಿ ಸ್ವಲ್ಪ ಮುಚ್ಚಿಹೋಗುತ್ತಿತ್ತು. ಆಷಾಢದ ಮಳೆಯಲ್ಲಿ ಮೂರು ವಾರ ಹೀಗೇ ನಡೆದರೆ 150ರ ಬ್ಯಾಟರಿಯಲ್ಲಿ ಉಳಿಯುವುದೇನು?

ನನಗೆ ಹೆಚ್ಚು ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ತೋಟದ ಸುತ್ತ ಎಳೆದ ಬರಿತಂತಿಗೆ ಸಿಡಿಲು ಬಡಿದರೆ ಮಷೀನಿನ ಮೂಲಕ ನೇರ ಉಗ್ರಾಣಕ್ಕೆ ಬರಲು ದಾರಿ ಮಾಡಿಟ್ಟಂತಾಗಿತ್ತು. ಇದನ್ನು ಯಜಮಾನರಿಗೆ ಸ್ವಲ್ಪ ಖಾರವಾಗಿಯೇ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, “ಹಂದಿ ನಿಮ್ಮ ಆ್ಯಪ್ ನೋಡ್ಕೊಂಡು ಬರ್ತದಾ ಮಾರಾಯ್ರೆ?” ಅಂದರು. ವೈರು ತೆಗೆಸುವುದಕ್ಕೆ ಅಕ್ಕನೇ ಮಧ್ಯೆ ಬರಬೇಕಾಯಿತು.

ಹುಡುಗ, “ಹೇಗೂ ಹೊತ್ತು ತಂದಿದ್ದೀವಲ್ಲ, ಗೋಡೆ ಕಡೆಯದನ್ನ ತೆಗ್ದು ಹೊಸದು ಹಾಕೇ ಬಿಡುವ” ಅಂದ. ಅವನ ಭುಜದ ನೋವು ನನಗೂ ಇತ್ತು. ಆದರೆ ಹಳೆಯದರ ಜೊತೆ ಸೀರೀಸ್‌ನಲ್ಲಿ ಹೊಸದನ್ನು ಜೋಡಿಸಿದರೆ ಇನ್ನೊಂದು ಅಸಮತೋಲವನ್ನು ನಾವೇ ಕೈಯಾರೆ ಕೂರಿಸಿದ ಹಾಗೆ. ಮೇಲಾಗಿ ಹಳೆಯದು ಸತ್ತಿರಲಿಲ್ಲ, ಹಸಿದಿತ್ತು ಅಷ್ಟೇ. ಅವರ ಮನೆಯ ಪೆಟ್ರೋಲ್ ಜನರೇಟರ್ ಹಚ್ಚಿ, ಜೀಪಿನಲ್ಲಿದ್ದ 12 ವೋಲ್ಟಿನ ಚಾರ್ಜರನ್ನು ಅದೊಂದಕ್ಕೇ ಕೊಟ್ಟೆವು. ಮಳೆ ಎರಚಿದರೂ ಉಗ್ರಾಣದ ಕಿಟಕಿ, ಬಾಗಿಲು ತೆರೆದೇ ಇಟ್ಟೆವು, ಚಾರ್ಜಾಗುವ ಬ್ಯಾಟರಿಯ ಹೈಡ್ರೋಜನ್ ಜೊತೆ ಆಟವಾಡುವಂತಿಲ್ಲ. ಕೊನೆಯ ಲಾಂಚ್ ಅಷ್ಟರಲ್ಲಿ ಹೋಗಿಯಾಗಿತ್ತು. ಬೆಳಿಗ್ಗೆ ಗ್ರ್ಯಾವಿಟಿ 1200 ದಾಟಿತ್ತು. ಅಕ್ಕ ಮಿಕ್ಸಿ ತಿರುಗಿಸಿದರು, ನಾನು ಮೀಟರ್ ಹಿಡಿದು ನಿಂತೆ. 11.8ರ ಕೆಳಗೆ ಇಳಿಯಲಿಲ್ಲ. ದೋಸೆಗೆ ಚಟ್ನಿಯೂ ಆಯಿತು.

ವಾಪಸ್ ಬಂದು ಟಿಕೆಟ್ ಮುಚ್ಚಲು ಹೋದರೆ ಕಾರಣದ ಪಟ್ಟಿಯಲ್ಲಿ ಇದ್ದದ್ದು ಮೂರೇ: ಬ್ಯಾಟರಿ ಫಾಲ್ಟ್, ಪ್ಯಾನೆಲ್ ಫಾಲ್ಟ್, ಗ್ರಾಹಕರ ತಪ್ಪು. ಮೂರನೆಯದನ್ನು ಒತ್ತಲು ಮನಸ್ಸು ಬರಲಿಲ್ಲ. ಎರಡು ಬ್ಯಾಟರಿ ನಡುವಿನ ಲಿಂಕಿನಿಂದ ಆ್ಯಪಿಗೆ ಡೇಟಾ ಕಳಿಸುವ ಲಾಗರಿಗೆ ಒಂದು ಸೆನ್ಸ್ ವೈರ್ ಎಳೆದರೆ ಟಿವಿಯಲ್ಲೇ ಇದು ಕಾಣುತ್ತದೆ ಅಂತ ಮೇಲಿನವರಿಗೆ ಮೇಲ್ ಹಾಕಿದೆ. ಮುಂದಿನ ಮಾಡೆಲ್ಲಿನಲ್ಲಿ ನೋಡೋಣ ಅಂದರು.

ಅಲ್ಲಿಯವರೆಗೆ ನನ್ನ ಗಿರಾಕಿಗಳಿಗೆ ಒಂದೊಂದು ಅಗ್ಗದ ಮಲ್ಟಿಮೀಟರ್ ಕೊಳ್ಳಿಸಿದ್ದೇನೆ. ವಾರಕ್ಕೊಮ್ಮೆ, ಪ್ಯಾನೆಲ್ ಮೇಲೆ ಬೆಳಕು ಬೀಳುವ ಮುಂಚೆ, ಒಂದೊಂದು ಬ್ಯಾಟರಿಯನ್ನೂ ಬೇರೆ ಬೇರೆ ಅಳೆದು ವಾಟ್ಸಾಪಿನಲ್ಲಿ ಹಾಕಬೇಕು. ಎರಡರ ನಡುವೆ 0.2 ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಚುಕ್ಕಿ ಯಾವ ಬಣ್ಣದಲ್ಲಿದ್ದರೂ ನಾನು ಫೋನ್ ಮಾಡುತ್ತೇನೆ. ಯಾವುದಕ್ಕೆ ಎಷ್ಟು ನೀರು ಹಾಕಿದಿರಿ ಅನ್ನುವುದನ್ನೂ ಕೇಳುತ್ತೇನೆ. ಬೇಲಿಗೆ ಯಜಮಾನರು ಬೇರೆ ಪ್ಯಾನೆಲ್, ಬೇರೆ ಬ್ಯಾಟರಿ ತಂದರು, ನನ್ನ ಹತ್ತಿರ ಅಲ್ಲ.

ಹೊಸ ಬ್ಯಾಟರಿ ಸ್ಟೋರಿಗೆ ವಾಪಸ್ಸಾದಾಗ ಕೆಸರು ಮೆತ್ತಿಕೊಂಡಿತ್ತು. ಸೀಲ್ ಒಡೆಯದ ಮಾಲನ್ನು ಲಾಂಚ್ ದಾಟಿಸಿ ಮತ್ತೆ ತಂದದ್ದೇಕೆ ಅಂತ ಲಿಖಿತ ವಿವರಣೆ ಕೇಳಿದ್ದಾರೆ. ನಾನಿನ್ನೂ ಬರೆದುಕೊಟ್ಟಿಲ್ಲ.