ನೀನೆಷ್ಟು, ಅವರೆಷ್ಟು?

ಕಾಲೇಜಿನ ಪತ್ರಿಕೆಗೆ ಏನಾದರೂ ಬರೆದುಕೊಡು ಅಂತ ಮೂರು ವರ್ಷದಿಂದ ಕೇಳುತ್ತಿದ್ದರು. ಪ್ರತಿ ಸಲ ಆಯ್ತು ಅಂದೆ, ಬರೆಯಲಿಲ್ಲ. ಈ ಸಲ ಬರೆಯುತ್ತಿದ್ದೇನೆ, ಯಾಕಂದ್ರೆ ನಮ್ಮ ಮಾರ್ಕೆಟಿಂಗ್ ಸರ್ ಈಗ ಇಲ್ಲ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಸುದ್ದಿ ಬಂತು. ನಾನು ಬೆಂಗಳೂರಿನಲ್ಲಿದ್ದೆ, ಶಿರಸಿಗೆ ಹೋಗಲು ಆಗಲಿಲ್ಲ. ಹೋಗಬಹುದಿತ್ತು. ಹೋಗಲಿಲ್ಲ.

ಹೆಸರು ಬರೆಯುವುದಿಲ್ಲ. ಈ ಪತ್ರಿಕೆ ಓದುವವರಿಗೆ ಯಾರು ಅಂತ ಮೊದಲ ಸಾಲಿಗೇ ಗೊತ್ತಾಗಿರುತ್ತದೆ. ಬಿಳಿ ಅರ್ಧ ತೋಳಿನ ಅಂಗಿ, ಜೇಬಿನ ತುದಿಯಲ್ಲಿ ಯಾವಾಗಲೂ ಒಂದು ನೀಲಿ ಶಾಯಿಯ ಕಲೆ, ಬಾಯಲ್ಲಿ ಕವಳ, ಅಂದರೆ ಎಲೆ ಅಡಿಕೆ. ಕ್ಲಾಸಿಗೆ ಬರುವ ಮೊದಲು ಉಗಿದು, ಬಾಯಿ ತೊಳೆದೇ ಬರುತ್ತಿದ್ದರು, ಆ ಶಿಸ್ತು ತಪ್ಪಿದ್ದು ನಾನು ನೋಡಿಲ್ಲ. ಆದರೆ ಸ್ಟಾಫ್ ರೂಮಿಗೆ ಏನಾದರೂ ಕೇಳಲು ಹೋದರೆ ಕವಳ ಇದ್ದೇ ಇರುತ್ತಿತ್ತು. ಆಗ ಅವರು ಮಾತಾಡುತ್ತಿರಲಿಲ್ಲ, ಸುಮ್ನೆ ಕೇಳುತ್ತಿದ್ದರು. ನಾವು ನಮ್ಮ ಡೌಟು ಹೇಳುತ್ತ ಹೇಳುತ್ತ ಹೋಗಿ, ಕೊನೆಗೆ ಉತ್ತರವನ್ನೂ ನಾವೇ ಹೇಳಿಬಿಡುತ್ತಿದ್ದೆವು. ಆಮೇಲೆ ಕಿಟಕಿಯಾಚೆ ಉಗಿದು ಬಂದು ಅನ್ನುತ್ತಿದ್ದರು: "ಕವಳ ಹಾಕುವವ ಒಳ್ಳೆ ವ್ಯಾಪಾರಿ ಆಗ್ತಾನೆ ತಮ್ಮಾ. ಬಾಯಿ ಮುಚ್ಚಿಕೊಂಡೇ ಇರಬೇಕಲ್ಲ."

ಮೂರು ವರ್ಷ ಬಿಬಿಎ ಓದಿದ್ದರಲ್ಲಿ ಏನು ನೆನಪಿದೆ ಅಂತ ಕೇಳಿದರೆ, ಗಮನ, ಆಸಕ್ತಿ, ಆಸೆ, ಕ್ರಿಯೆ ಅನ್ನುವ ಮಾರಾಟದ ಸೂತ್ರದ ಎಐಡಿಎ ನಾಲ್ಕಕ್ಷರ ಬಿಟ್ಟು ಪುಸ್ತಕದ್ದು ಬೇರೆ ಏನೂ ಇಲ್ಲ. ನೆನಪಿರುವುದು ನಡುವೆ ಗೆರೆ ಎಳೆದ ಒಂದು ಕಾಗದ.

ಅದನ್ನು ಹೇಳುವ ಮೊದಲು ಒಂದು ಮಾತು. ನಮ್ಮದು ಅಡಿಕೆ ಮನೆ. ವರ್ಷವಿಡೀ ತೋಟ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ, ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಇಷ್ಟೆಲ್ಲ ಆದ ಮೇಲೆ ಅಪ್ಪ ಚೀಲ ತುಂಬಿ ಶಿರಸಿ ಪೇಟೆಗೆ ಕಳಿಸುತ್ತಿದ್ದರು. ಅಲ್ಲಿ ರಾಶಿ ನೋಡಿ, ಕೈಯಲ್ಲಿ ಎತ್ತಿ, ಒಡೆದು ನೋಡಿ, ವ್ಯಾಪಾರಸ್ಥರು ಟೆಂಡರಿನಲ್ಲಿ ದರ ಬರೆದು ಹಾಕುತ್ತಾರೆ. 1923ರಿಂದ ಇರುವ ತೋಟಗಾರರ ಸೇಲ್ ಸೊಸೈಟಿಯಲ್ಲೂ ಟೆಂಡರೇ. ಚಾಲಿ, ರಾಶಿ, ಬೆಟ್ಟೆ, ಅಡಿಕೆಯ ಯಾವ ಬಗೆಯೇ ಇರಲಿ, ಬೆಳೆದವನು ಕೊಳ್ಳುವವನ ಹತ್ತಿರ ಒಂದು ಮಾತೂ ಆಡಬೇಕಾಗಿಲ್ಲ. ಸರ್ ಇದನ್ನೇ ಹಿಡಿದು ಹೇಳಿದ್ದರು. "ನಿಮ್ಮಪ್ಪ ಅಡಿಕೆ ಬೆಳೀತಾರೆ, ಮಾರೋದಿಲ್ಲ. ನೀನು ಮನೆಯಲ್ಲಿ ಮಾರೋದನ್ನ ನೋಡೇ ಇಲ್ಲ. ಅದಕ್ಕೇ ಮಾರೋದು ಅಂದ್ರೆ ಭಾಷಣ ಅಂದ್ಕೊಂಡಿದ್ದೀಯ." ಅರ್ಧ ಕ್ಲಾಸು ಅಡಿಕೆ ಮನೆಯ ಮಕ್ಕಳೇ ಇದ್ದೆವು. ಯಾರೂ ಉತ್ತರ ಕೊಡಲಿಲ್ಲ.

ನಾನು ಆಗ ಚರ್ಚಾ ಸ್ಪರ್ಧೆಗಳಲ್ಲಿ ಬಹುಮಾನ ತರುತ್ತಿದ್ದವನು. ಮಾತಿಗೆ ನಿಂತರೆ ನಿಲ್ಲಿಸುವವರಿರಲಿಲ್ಲ. ಧಾರವಾಡದಲ್ಲಿ ವಿಶ್ವವಿದ್ಯಾಲಯ ಮಟ್ಟದ ಮಾರಾಟ ಕೌಶಲ ಸ್ಪರ್ಧೆ ಇದೆ, ನಮ್ಮ ಕಾಲೇಜಿನಿಂದ ಇಬ್ಬರನ್ನು ಕಳಿಸಬೇಕು ಅಂತ ನೋಟೀಸು ಬಂದಾಗ ಎಲ್ಲರೂ ನನ್ನ ಕಡೆಗೇ ನೋಡಿದರು. ಸರ್ ಮಾತ್ರ ನೋಡಲಿಲ್ಲ. ಹೆಸರು ಕೊಟ್ಟ ಆರು ಜನಕ್ಕೂ ಒಂದೊಂದು ಕಾಗದ ಕೊಟ್ಟರು. ನಡುವೆ ಒಂದು ಗೆರೆ. ಎಡಕ್ಕೆ "ಮಾರುವವರು", ಬಲಕ್ಕೆ "ಕೊಳ್ಳುವವರು". ವಾರದ ಸಂತೆಗೆ ಹೋಗಿ, ಒಬ್ಬರ ಹತ್ತಿರ ಎರಡು ತಾಸು ನಿಂತು, ಯಾರು ಎಷ್ಟು ಸಲ ಮಾತಾಡಿದರು ಅಂತ ಗೀಟು ಹಾಕಿಕೊಂಡು ಬರಬೇಕು. ಅಷ್ಟೇ.

ಇದೆಂತ ಕೆಲಸ ಅಂತ ನನಗೂ ನನ್ನ ಗೆಳೆಯನಿಗೂ ಅನ್ನಿಸಿತು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಸೀದಾ ಹೋಟೆಲಿಗೆ ಹೋದೆವು. ಬನ್ಸು ತಿಂದು, ಎರಡೆರಡು ಚಹಾ ಕುಡಿದು, ಅಲ್ಲೇ ಟೇಬಲ್ಲಿನ ಮೇಲೆ ಗೀಟು ಹಾಕಿದೆವು. ಯಾರದ್ದು ಅಂತ ಬರೆಯಬೇಕಲ್ಲ, ಕುಮಟಾ ಕಡೆಯಿಂದ ಘಟ್ಟ ಹತ್ತಿ ಬಂದು ಒಣಮೀನು ಮಾರುವ ಒಬ್ಬ ಅಮ್ಮನನ್ನು ದೂರದಿಂದ ನೋಡಿದ್ದೆವು, ಅವಳದ್ದೇ ಅಂತ ಬರೆದೆವು. ಮಾರುವವರು 46, ಕೊಳ್ಳುವವರು 15. ಸಂಶಯ ಬರಬಾರದು ಅಂತ ನಡುವೆ ಎರಡು ಗೀಟು ಹೊಡೆದು ಹಾಕಿ ತಿದ್ದಿದ ಹಾಗೂ ಮಾಡಿದೆವು. ನಮ್ಮ ಬುದ್ಧಿವಂತಿಕೆಗೆ ನಾವೇ ಮೆಚ್ಚಿಕೊಂಡಿದ್ದೆವು.

ಮರುದಿನ ಸರ್ ಆ ಕಾಗದವನ್ನು ಅರ್ಧ ನಿಮಿಷ ನೋಡಿದರು.

"ನೀವು ಸಂತೆಗೆ ಹೋಗಲೇ ಇಲ್ಲ."

ಹೋಗಿದ್ವಿ ಸರ್ ಅಂದೆ.

"ಆ ಹೆಂಗಸು ಇಷ್ಟು ಮಾತಾಡಿದ್ರೆ ಇಷ್ಟು ವರ್ಷ ಮೀನು ಮಾರ್ತಿರಲಿಲ್ಲ ತಮ್ಮಾ. ಅಂಕೆ ಉಲ್ಟಾ ಬರೆದಿದ್ದೀಯ."

ಬೈಯಲಿಲ್ಲ. ಮುಂದಿನ ಸಂತೆಗೆ ಇಬ್ಬರೂ ಅವಳ ಪಕ್ಕದಲ್ಲಿ ಬೆಳಗಿನಿಂದ ಸಂಜೆವರೆಗೆ ಕೂರಬೇಕು, ಅವಳು ಹೇಳಿದ ಕೆಲಸ ಮಾಡಿಕೊಡಬೇಕು ಅಂದರು. ಕೂತೆವು. ನನ್ನ ಗೆಳೆಯನ ಮನೆಯಲ್ಲಿ ಮೀನು ತಿನ್ನುವುದಿಲ್ಲ, ಆ ದಿನ ಅವನು ಬಚ್ಚಲಿನಲ್ಲಿ ಮಿಂದ ಮೇಲೇ ಒಳಗೆ ಬಿಟ್ಟರಂತೆ. ಅದು ಬೇರೆ ಕಥೆ. ನಾನು ಅವತ್ತು ನೋಡಿದ್ದನ್ನು ಇವತ್ತಿಗೂ ಮರೆತಿಲ್ಲ. ಮಳೆ ಬೀಳುವ ಮೊದಲಿನ ಸಂತೆ ಅದು. ಯಾರಾದರೂ ಬಂದು ಒಣಬಂಗಡೆ ಎಷ್ಟು ಅಂತ ಕೇಳಿದರೆ ಅವಳು ದರವನ್ನೇ ಹೇಳುತ್ತಿರಲಿಲ್ಲ. "ಈ ವಾರಕ್ಕೋ, ಮಳೆಗಾಲಕ್ಕೋ?" ಅನ್ನುತ್ತಿದ್ದಳು. ಆಮೇಲೆ, "ಮನೆಯಲ್ಲಿ ಎಷ್ಟು ಜನ?" ಅಷ್ಟು ಕೇಳಿ ಸುಮ್ಮನಾಗುತ್ತಿದ್ದಳು. ಬಂದವರು ಮಾತಾಡಲು ಶುರು ಮಾಡುತ್ತಿದ್ದರು. ಮಗ ಊರಿಗೆ ಬರುತ್ತಾನೆ, ಅತ್ತೆಗೆ ಉಪ್ಪು ಆಗುವುದಿಲ್ಲ, ಹೋದ ವರ್ಷ ತಂದದ್ದು ಆಷಾಢದಲ್ಲೇ ಬೂಸಲು ಹಿಡಿಯಿತು. ಬೂಸಲು ಅಂದ ಕೂಡಲೇ ಅವಳು ಮುಂದಿದ್ದ ಬುಟ್ಟಿ ಬದಿಗೆ ಸರಿಸಿ ಹಿಂದಿನ ಚೀಲ ಬಿಚ್ಚುತ್ತಿದ್ದಳು. "ಅದು ನಿನಗೆ ಬೇಡ ತಂಗಿ, ಇನ್ನೂ ಎರಡು ಬಿಸಿಲು ಬೇಕು ಅದಕ್ಕೆ. ಇದು ಒಯ್ಯಿ." ಜಾಸ್ತಿ ದರದ ಮೀನು ಹಾಗೆ ಚೌಕಾಸಿ ಇಲ್ಲದೆ ಹೋಗುತ್ತಿತ್ತು. ಸಂಜೆ ಲೆಕ್ಕ ಮಾಡಿದೆ. ಅವಳು 31, ಅವರು 88. ಈ ಅಂಕೆ ನಿಜದ್ದು.

ತುಂಬಾ ವರ್ಷ ಆದ ಮೇಲೆ, ಕೆಲಸಕ್ಕೆ ಸೇರಿದ ಮೇಲೆ, ನೀಲ್ ರ್ಯಾಕ್‌ಹ್ಯಾಮ್ ಅನ್ನುವ ಇಂಗ್ಲೆಂಡಿನ ಸಂಶೋಧಕರ ಬಗ್ಗೆ ತಿಳಿಯಿತು. ಅವರ ತಂಡ 12 ವರ್ಷ ಸುಮಾರು 35,000 ಮಾರಾಟದ ಮಾತುಕತೆಗಳನ್ನು ಪಕ್ಕದಲ್ಲಿ ಕೂತು ಗಮನಿಸಿ 1988ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಗೆದ್ದ ಮಾತುಕತೆಗಳಲ್ಲಿ ಜಾಸ್ತಿ ಮಾತಾಡಿದವರು ಕೊಳ್ಳುವವರು, ಮಾರುವವರು ಕೇಳಿದವರು. ನಮ್ಮ ಸರ್ ಅದನ್ನು ಓದಿದ್ದರೋ ಏನೋ, ನಾನು ಕೇಳಲಿಲ್ಲ. ನಮಗಂತೂ ಒಣಮೀನಿನ ಬುಟ್ಟಿ ಪಕ್ಕ ಕೂರಿಸಿ ಕಲಿಸಿದರು.

ಸ್ಪರ್ಧೆ ನಡೆದದ್ದು 2012ರಲ್ಲಿ. ಆರು ಜನರಲ್ಲಿ ಕೊನೆಗೆ ನನ್ನನ್ನೂ ಒಬ್ಬ ಜೂನಿಯರ್ ಹುಡುಗಿಯನ್ನೂ ಆರಿಸಿದ್ದರು. ನನ್ನ ಹತ್ತಿರ ಬೂಟು ಇರಲಿಲ್ಲ. ಅಕೌಂಟ್ಸ್ ಮೇಡಂ ತಮ್ಮ ಯಜಮಾನರ ಬೂಟನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. ಒಂದು ಅಂಕಿ ದೊಡ್ಡದು. ಮುಂದೆ ಹತ್ತಿ ತುರುಕಿಕೊಂಡೆ. ಆ ಮೇಡಂ ಮೂರು ವರ್ಷ ನನ್ನ ಬ್ಯಾಲೆನ್ಸ್ ಶೀಟು ತಾಳೆ ಆಗಲಿಲ್ಲ ಅಂತ ಕ್ಲಾಸಿನಲ್ಲಿ ನಿಲ್ಲಿಸಿದ್ದರು, ಬೂಟು ಕೊಡುವಾಗ ಮಾತ್ರ "ಗೆದ್ದು ಬಾ" ಅಂದಿದ್ದರು. ಅವರು ಈಗ ನಿವೃತ್ತರಾಗಿದ್ದಾರೆ. ಮೇಡಂ, ಓದುತ್ತಿದ್ದರೆ, ಆ ಬೂಟಿನ ಋಣ ನನ್ನ ಮೇಲಿದೆ.

ನಸುಕಿನಲ್ಲೇ ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸು ಹಿಡಿದು ಅಲ್ಲಿಂದ ಧಾರವಾಡ. ಪಾವಟೆನಗರದ ಗುಡ್ಡದ ಮೇಲಿನ ಕ್ಯಾಂಪಸ್ಸು ನೋಡಿ ನಾವಿಬ್ಬರೂ ಬಾಯಿ ಬಿಟ್ಟೆವು. ಸ್ಪರ್ಧೆ ಹೀಗೆ. ಒಳಗೆ ಹೋಗುವ ಮೊದಲು ಒಂದು ಹಾಳೆ ಕೊಡುತ್ತಾರೆ. ನೀನು ಯಾವ ಕಂಪನಿಯವನು, ಏನು ಮಾರಬೇಕು, ಯಾರಿಗೆ ಮಾರಬೇಕು ಅಷ್ಟೇ ಅದರಲ್ಲಿರುತ್ತದೆ. ಒಳಗೆ ಗಿರಾಕಿಯ ಪಾತ್ರ ಮಾಡುವವರು ನಿಜವಾಗಿಯೂ ವ್ಯಾಪಾರ ಬಲ್ಲವರು. ಅವರ ಕೈಯಲ್ಲಿ ಬೇರೆಯೇ ಹಾಳೆ. ಅದರಲ್ಲಿ ಆ ಗಿರಾಕಿಯ ಕಷ್ಟಗಳು ಬರೆದಿರುತ್ತವೆ, ಆದರೆ ನೀನು ಸರಿಯಾಗಿ ಕೇಳಿದರೆ ಮಾತ್ರ ಅವರು ಹೇಳಬೇಕು. ಕೇಳದಿದ್ದರೆ ಹೇಳುವ ಹಾಗಿಲ್ಲ. 15 ನಿಮಿಷ. ಹಿಂದೆ ಮೂರು ಜನ ಅಂಕ ಹಾಕುತ್ತ ಕೂತಿರುತ್ತಾರೆ. ಪರಿಚಯಕ್ಕೆ, ಅಗತ್ಯ ತಿಳಿಯುವುದಕ್ಕೆ, ವಿವರಣೆಗೆ, ಆಕ್ಷೇಪಕ್ಕೆ ಉತ್ತರ ಕೊಡುವುದಕ್ಕೆ, ವ್ಯವಹಾರ ಮುಗಿಸುವುದಕ್ಕೆ ಬೇರೆ ಬೇರೆ ಅಂಕ.

ನನಗೆ ಬಂದದ್ದು ಕಿರಾಣಿ ಅಂಗಡಿಗೆ ಬಿಲ್ಲಿಂಗ್ ಮಶೀನು ಮಾರುವುದು. ಎದುರಿಗೆ ಕೂತವರು ಐವತ್ತು ದಾಟಿದವರು, ಮುಖದಲ್ಲಿ ಏನೂ ಇಲ್ಲ. ಒಂದೇ ಮಾತು: "ನಮಗೆ ಬ್ಯಾಡ್ರಿ. ಮೂವತ್ತು ವರ್ಷದಿಂದ ಪುಸ್ತಕದಾಗ ಬರೀತೀವಿ." ಹಿಂದಿನ ನಾನಾಗಿದ್ದರೆ ಮಶೀನಿನ ಗುಣಗಾನ ಶುರು ಮಾಡುತ್ತಿದ್ದೆ. ಅವತ್ತು ಕೇಳಿದೆ, "ಯಜಮಾನ್ರೇ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಆ ಪುಸ್ತಕದ ಮುಂದೆ ಯಾರು ಕೂರ್ತಾರೆ?" ಅಂತ. ಕೇಳಿ ಸುಮ್ಮನಾದೆ. ಆ ಸುಮ್ಮನಿರುವುದು ಎಷ್ಟು ಕಷ್ಟ ಗೊತ್ತಾ? ಮೇಜಿನ ಕೆಳಗೆ ಬೆರಳು ಎಣಿಸುತ್ತಿದ್ದೆ, ಬೂಟಿನೊಳಗಿನ ಹತ್ತಿ ಒದ್ದೆಯಾಗಿತ್ತು. ಏಳು ಬೆರಳು ಆಗುವಾಗ ಅವರು ಮಾತಾಡಿದರು. ಅಪ್ಪ ಕೂರುತ್ತಾರೆ, ಎಂಬತ್ತು ವರ್ಷ, ಕಣ್ಣು ಸರಿ ಇಲ್ಲ, ಉದ್ರಿ ಲೆಕ್ಕ ತಪ್ಪುತ್ತಿದೆ, ಗಿರಾಕಿಗಳ ಹತ್ತಿರ ಜಗಳ ಆಗುತ್ತಿದೆ, ಆದರೆ ಪುಸ್ತಕ ಕಿತ್ತುಕೊಂಡರೆ ಅಪ್ಪನಿಗೆ ಬೇಜಾರು. ಅವರ ಹಾಳೆಯಲ್ಲಿ ಅಡಗಿದ್ದದ್ದು ಇದು! ನಾನು ಮಶೀನು ತಗೊಳ್ಳಿ ಅನ್ನಲಿಲ್ಲ. ಪುಸ್ತಕ ಹಾಗೇ ಇರಲಿ, ಪಕ್ಕದಲ್ಲಿ ಮಶೀನು ಇಟ್ಟು ಒಂದು ತಿಂಗಳು ಉದ್ರಿ ಮಾತ್ರ ಅದರಲ್ಲಿ ಹೊಡೆಯಿರಿ, ದೊಡ್ಡ ಅಕ್ಷರದ ಚೀಟಿ ಬರುತ್ತದೆ, ಅಪ್ಪ ಅದನ್ನೇ ನೋಡಿ ಪುಸ್ತಕಕ್ಕೆ ಬರೆಯಲಿ ಅಂದೆ. ಅವರು ಮೊದಲ ಸಲ ನಕ್ಕರು.

ಎರಡನೇ ಸ್ಥಾನ ಬಂತು. ಅಷ್ಟೊಂದು ಕಾಲೇಜುಗಳ ನಡುವೆ ಶಿರಸಿಯ ಹುಡುಗ ಎರಡನೆಯವನು. ಆ ಪ್ರಮಾಣಪತ್ರ ಈಗಲೂ ನನ್ನ ಆಫೀಸಿನ ಗೋಡೆಯಲ್ಲಿದೆ, ನನ್ನ ಕೈಕೆಳಗೆ ಕೆಲಸ ಮಾಡುವ ನಲವತ್ತು ಜನರೂ ಅದರ ಕಥೆ ಕೇಳಿದ್ದಾರೆ.

ಧಾರವಾಡಕ್ಕೆ ಬಂದಿದ್ದ ಸರ್ ಬಾಗಿಲಲ್ಲಿ ನಿಂತಿದ್ದರು. ಅಭಿನಂದನೆ ಹೇಳಲಿಲ್ಲ. "ನೀನೆಷ್ಟು, ಅವರೆಷ್ಟು?" ಅಂದರು. ಅಂದಾಜು ಹೇಳಿದೆ. ತಲೆ ಆಡಿಸಿದರು. ಆಮೇಲೆ, "ಮತ್ತೆ ಯಾವತ್ತು ಬರ್ತೀನಿ ಅಂತ ಹೇಳಿ ಬಂದೆ?" ಅಂದರು. ನಾನು ಹೇಳಿರಲಿಲ್ಲ. ಮಶೀನು ಇಡಿ ಅಂದೆ, ಯಾವತ್ತು ತರುತ್ತೇನೆ, ಯಾವತ್ತು ಬಂದು ನೋಡುತ್ತೇನೆ ಅಂತ ದಿನ ಗೊತ್ತು ಮಾಡಿರಲಿಲ್ಲ. ಮೊದಲ ಸ್ಥಾನ ಹೋದದ್ದು ಅಲ್ಲೇ, ಅಂಕದ ಹಾಳೆಯಲ್ಲೂ ಅದೇ ಇತ್ತು. "ತಾರೀಕು ಹೇಳದೆ ಎದ್ದರೆ ಕೂತದ್ದೆಲ್ಲ ದಂಡ ತಮ್ಮಾ" ಅಂದರು. ಆಮೇಲೆ ಮೂವರಿಗೂ ಪೇಢಾ ಕೊಡಿಸಿದರು, ಬಸ್ಸಿನಲ್ಲಿ ಕವಳ ಹಾಕಿಕೊಂಡು ಶಿರಸಿವರೆಗೂ ನನ್ನ ಮಾತು ಕೇಳುತ್ತ ಬಂದರು.

ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಸ್ಪರ್ಧೆಗೆ ನನ್ನನ್ನು ಅಂಕ ಹಾಕಲು ಕರೆದಿದ್ದರು. ಮಕ್ಕಳು ಚುರುಕು, ಕೋಟು, ಟೈ, ಲ್ಯಾಪ್‌ಟಾಪು, ಇಂಗ್ಲಿಷು ಎಲ್ಲ ಚೆನ್ನಾಗಿತ್ತು. ಗಿರಾಕಿಯ ಪಾತ್ರ ಮಾಡಿದವರು ನಡುವೆ, "ಈ ವರ್ಷ ಮನೆಯಲ್ಲಿ ಸ್ವಲ್ಪ ತೊಂದರೆ" ಅಂತ ಒಂದು ಎಳೆ ಬಿಟ್ಟರು. ಏನು ತೊಂದರೆ ಅಂತ ಒಬ್ಬರೂ ಕೇಳಲಿಲ್ಲ. ಮುಂದಿನ ಸ್ಲೈಡಿಗೆ ಹೋದರು. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಮಕ್ಕಳ ತಪ್ಪಲ್ಲ ಇದು. 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಅಂತ ನಾಲ್ಕು ವರ್ಷದ ಡಿಗ್ರಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದರು, ಮೇಷ್ಟ್ರುಗಳು ಪಠ್ಯ ಬದಲಾಯಿಸುವುದರಲ್ಲಿ, ಫಾರಂ ತುಂಬುವುದರಲ್ಲಿ ಸೋತುಹೋಗಿದ್ದಾರೆ. ಹುಡುಗರನ್ನು ಸಂತೆಗೆ ಕಳಿಸಲು ಅವರಿಗೆ ಪುರುಸೊತ್ತು ಎಲ್ಲಿದೆ? ಆದರೂ ಈಗಿನ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುತ್ತೇನೆ, ವರ್ಷಕ್ಕೆ ಒಂದೇ ಒಂದು ದಿನ ಕಳಿಸಿ. ಒಂದು ಕಾಗದ, ನಡುವೆ ಒಂದು ಗೆರೆ. ಖರ್ಚೂ ಇಲ್ಲ.

ಹೋದ ದೀಪಾವಳಿಯ ಹಿಂದಿನ ದೀಪಾವಳಿಗೆ ಸರ್‌ಗೆ ಫೋನು ಮಾಡಿದ್ದೆ. ನನ್ನ ಪ್ರಮೋಷನ್ನು, ನನ್ನ ತಂಡ, ನನ್ನ ಟಾರ್ಗೆಟ್ಟು ಎಲ್ಲ ಹೇಳಿದೆ. ಅವರು ಕೇಳಿದರು. ಶಿರಸಿಗೆ ಬಂದಾಗ ಮನೆಗೆ ಬರ್ತೀನಿ ಸರ್ ಅಂದೆ. "ಯಾವತ್ತು?" ಅಂದರು. ನೋಡ್ತೀನಿ ಸರ್, ಮುಂದಿನ ಜಾತ್ರೆಗೆ ಖಂಡಿತ ಅಂದೆ. ಮಾರಿಕಾಂಬಾ ಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಆ ಮೌನವನ್ನು ತುಂಬಲು ಮತ್ತೆ ಮಾತಾಡಿದೆ. ಏನು ಮಾತಾಡಿದೆ ಅಂತ ಈಗ ನೆನಪಿಲ್ಲ.

ಈ ಸಲದ ಜಾತ್ರೆಗೆ ಬಂದೆ. ಬಿಡ್ಕಿಬೈಲಿನಲ್ಲಿ ದೇವಿಯ ಗದ್ದುಗೆಯ ಸಾಲಿನಲ್ಲಿ ಮೂರು ತಾಸು ನಿಂತು ಹಣ್ಣುಕಾಯಿ ಮಾಡಿಸಿಕೊಂಡು ಸರ್ ಮನೆಗೆ ಹೋದೆ. ಸರ್ ಮನೆಯ ಅಮ್ಮ ಒಬ್ಬರೇ ಇದ್ದರು. ಚಹಾ ಕೊಟ್ಟರು, ಕವಳದ ಬಟ್ಟಲು ಮುಂದಿಟ್ಟರು. ನಾನು ಕೇಳಿದ್ದು ಎರಡೋ ಮೂರೋ ಮಾತು. ಅವರು ಒಂದೂವರೆ ತಾಸು ಮಾತಾಡಿದರು. ಹೊರಡುವಾಗ ಗೇಟಿನವರೆಗೆ ಬಂದು, "ಮತ್ತೆ ಬಾ ತಮ್ಮಾ" ಅಂದರು.

ಮೇ 3, ಭಾನುವಾರ, ಹತ್ತು ಗಂಟೆಗೆ ಬರ್ತೀನಿ ಅಮ್ಮ ಅಂದೆ.