ಅಡ್ಡಹೆಸರಿಟ್ಟು ಸುಮ್ಮನಾದೆವು

ಹಾಸ್ಟೆಲ್ಲಿನಲ್ಲಿ ನಮ್ಮ ಬ್ಯಾಚಿನವರಿಗೆ ಇಟ್ಟ ಅಡ್ಡಹೆಸರುಗಳು ಈಗಲೂ ಬಾಯಲ್ಲಿವೆ. ಮಧ್ಯಾಹ್ನದ ರೊಟ್ಟಿ ಊಟಕ್ಕೂ ಏಳದೆ ಮಲಗಿರುತ್ತಿದ್ದವನು ಕುಂಭಕರ್ಣ. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ ನಾಲ್ಕು ಸಲ ಪಾಯಖಾನೆಗೆ ಓಡುತ್ತಿದ್ದವನು ಎಕ್ಸ್‌ಪ್ರೆಸ್. ಮೆಸ್ಸಿಗೆ ಬಾರದೆ ಕೋಣೆಯಲ್ಲೇ ಬಿಸ್ಕತ್ತು ತಿಂದು ಮಲಗುತ್ತಿದ್ದವನು ಸ್ವಾಮಿಗಳು. ನಸುಕಿನ ಮೂರಕ್ಕೆ ಎದ್ದು ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದವನು ವಾಚ್‌ಮನ್. 2002ರಲ್ಲಿ ಕಾಲೇಜು ಬಿಟ್ಟಾಗ ಇವು ಬರೀ ಹೆಸರುಗಳು. ಮನೋವೈದ್ಯಕೀಯ ವಿಭಾಗದ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾದದ್ದೇನೆಂದರೆ, ಹೊಸದಾಗಿ ಬಂದ ಹುಡುಗನನ್ನೋ ಹುಡುಗಿಯನ್ನೋ ನಾವು ಮೊದಲು ಕೇಳುವುದೇ ಈ ನಾಲ್ಕನ್ನು: ನಿದ್ದೆ ಹೇಗಿದೆ, ಹೊಟ್ಟೆ ಹೇಗಿದೆ, ಜನರ ಜೊತೆ ಬೆರೆಯುವುದು ಕಮ್ಮಿಯಾಗಿದೆಯೇ, ನಸುಕಿನಲ್ಲಿ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತದೆಯೇ. ಹಾಗೆಂದು ಅವರೆಲ್ಲರಿಗೂ ಖಿನ್ನತೆ, ಆತಂಕ ಇತ್ತು ಎನ್ನಲಾಗದು. ಕುಂಭಕರ್ಣ ರಾತ್ರಿಯಿಡೀ ಇಸ್ಪೀಟು ಆಡುತ್ತಿದ್ದ. ಉಳಿದ ಮೂವರನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಊರು ಮಾನಸಿಕ ಆಸ್ಪತ್ರೆ ಇರುವ ಧಾರವಾಡವಾದ್ದರಿಂದ ಚಾಷ್ಟಿಗೂ ಕೊರತೆ ಇರಲಿಲ್ಲ. ಯಾರಾದರೂ ಎರಡು ದಿನ ಮಂಕಾಗಿ ಕೂತರೆ, "ಇಲ್ಲೇ ಐತೆಲ್ಲೋ ದವಾಖಾನಿ, ಬಿಟ್ಟು ಬರೂಣೇನು?" ಎನ್ನುವುದು ವಾಡಿಕೆ. ಬೆಂಗಳೂರಿನವರು ಇದೇ ಚಾಷ್ಟಿಯನ್ನು ನಿಮ್ಹಾನ್ಸ್ ಹೆಸರು ಹೇಳಿ ಮಾಡುತ್ತಾರೆ. ಹೀಗೆ ನಕ್ಕ ಬಾಯಿಗೇ ಮುಂದೊಂದು ದಿನ "ನನಗೆ ಅಲ್ಲಿಗೆ ಹೋಗಬೇಕಾಗಿದೆ" ಎಂದು ಹೇಳುವುದು ಕಷ್ಟವಾಗುತ್ತದೆ. ಈಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಕೇಳಿದ್ದಾರೆ. ಆಗ ಹಾಸ್ಟೆಲ್ಲಿನ ನೋಟೀಸ್ ಬೋರ್ಡಿನಲ್ಲಿ ಇರಬೇಕಾಗಿದ್ದು, ಇರದೇ ಹೋದದ್ದನ್ನು ಬರೆಯುತ್ತಿದ್ದೇನೆ: ಖಿನ್ನತೆ, ಆತಂಕಕ್ಕೆ ಯಾವಾಗ, ಎಲ್ಲಿಗೆ ಹೋಗಬೇಕು, ಚಿಕಿತ್ಸೆ ಹೇಗೆ ಎಂಬುದನ್ನು.

ನಮ್ಮ ಕಡೆ ಯಾರೂ "ನನಗೆ ಖಿನ್ನತೆ" ಎಂದು ಹೇಳಿಕೊಂಡು ಬರುವುದಿಲ್ಲ. "ಎದಿ ಡವಡವ ಅಂತೈತಿ", "ಹೊಟ್ಟ್ಯಾಗ ತಳಮಳ", "ಓದಿದ್ದು ತಲಿಗೆ ಹತ್ತವಲ್ದು", "ಯಾಕೋ ಬ್ಯಾಸರ" ಎನ್ನುತ್ತಾರೆ. ಅದಕ್ಕೇ ಮೊದಲ ಆರು ತಿಂಗಳು ಗ್ಯಾಸಿನ ಮಾತ್ರೆ, ಬಿ ಕಾಂಪ್ಲೆಕ್ಸ್, ಗ್ಲುಕೋಸ್ ಬಾಟಲಿಯಲ್ಲಿ ಕಳೆದುಹೋಗುತ್ತವೆ. ಒಮ್ಮೆಲೇ ಎದೆ ಹೊಡೆದುಕೊಂಡು, ಕೈಕಾಲು ಜೋಮು ಹಿಡಿದು, ಈಗಲೇ ಸಾಯುತ್ತೇನೆ ಅನ್ನಿಸುವ ಪ್ಯಾನಿಕ್ ದಾಳಿ ಸುಮಾರು ಹತ್ತು ನಿಮಿಷದಲ್ಲಿ ತುತ್ತತುದಿಗೆ ಹೋಗಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆಟೋ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಶಾಂತ, ಈಸಿಜಿ ನಾರ್ಮಲ್. ಮೊದಲ ಸಲ ಹೃದಯ ಪರೀಕ್ಷೆ ಮಾಡಿಸಲೇಬೇಕು. ಎರಡನೆಯ, ಮೂರನೆಯ ಸಲವೂ ಎಲ್ಲ ಸರಿಯಿದ್ದರೆ "ಏನೂ ಇಲ್ಲ, ಮನೆಗೆ ಹೋಗಿ" ಎಂಬಲ್ಲಿಗೆ ಮುಗಿಸಬಾರದು. ಹೃದಯಕ್ಕೆ ಏನೂ ಇಲ್ಲ ಎಂದಷ್ಟೇ ಅದರ ಅರ್ಥ.

ಎಷ್ಟಾದರೆ ವೈದ್ಯರ ಹತ್ತಿರ ಹೋಗಬೇಕು? ಎರಡು ವಾರ ಎಂಬುದು ಅಳತೆ. ಬೇಸರವೋ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದೋ ಎರಡು ವಾರ ಹೆಚ್ಚುಕಡಿಮೆ ದಿನವೂ ಇದ್ದು, ಅದರ ಜೊತೆಗೆ ನಿದ್ದೆ, ಹಸಿವು, ಓದು ಕೆಟ್ಟಿದ್ದರೆ ಹೊರಡಿ. ಪಿಎಚ್‌ಕ್ಯೂ-9 ಎಂಬ ಒಂದು ಪುಟದ ಪ್ರಶ್ನಾವಳಿ ಕನ್ನಡದಲ್ಲೂ ಇದೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಇಪ್ಪತ್ತು ಮುಟ್ಟಿದರೆ ತಡ ಮಾಡಬಾರದು. ಆತಂಕಕ್ಕೆ ಜಿಎಡಿ-7 ಎಂಬುದಿದೆ, ಏಳು ಪ್ರಶ್ನೆ, 21 ಅಂಕ. ವಿದ್ಯಾರ್ಥಿಗಳು ಇದನ್ನೂ ಪರೀಕ್ಷೆಯಂತೆ ಬರೆಯುತ್ತಾರೆ, ಸರಿ ಉತ್ತರ ಯಾವುದಿರಬಹುದು ಎಂದು ಯೋಚಿಸಿ. ಕೆಲವರು ನಿನ್ನೆ ರಾತ್ರಿಯದೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. ಹೌದು ಎಂದರೆ ಅಡ್ಮಿಟ್ ಮಾಡಿಬಿಡುತ್ತಾರೆ ಎಂದು ಹೆದರಿ ಅಲ್ಲಿ ಸೊನ್ನೆ ಹಾಕುವವರು ಬಹಳ. ಹಾಗೇನೂ ಆಗುವುದಿಲ್ಲ. ಯೋಚನೆ ಎಷ್ಟು ಸಲ ಬರುತ್ತದೆ, ಏನಾದರೂ ನಿರ್ಧಾರ ಮಾಡಿಕೊಂಡಿದ್ದೀಯಾ, ನಿನ್ನನ್ನು ತಡೆದು ಹಿಡಿದಿರುವುದು ಏನು ಎಂದು ವೈದ್ಯರು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಾರೆ. ಅಂಥ ಯೋಚನೆ ಬಂದವರಲ್ಲಿ ಹೆಚ್ಚಿನವರು ಚೀಟಿ ಹಿಡಿದು ಮನೆಗೇ ಹೋಗುತ್ತಾರೆ.

ಹೋಗುವುದು ಎಲ್ಲಿಗೆ? ಎದ್ದು ಹೋಗುವ ಶಕ್ತಿಯೇ ಇಲ್ಲದವರು 14416ಕ್ಕೆ ಫೋನ್ ಮಾಡಬಹುದು. ಇದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮನಸ್. 2022ರ ಅಕ್ಟೋಬರ್ 10ರಂದು ಶುರುವಾದದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ, ಬೇಕಾದರೆ ಮೇಲಿನ ತಜ್ಞರಿಗೆ ಕೊಡುತ್ತಾರೆ. ಏನು ಹೇಳಬೇಕೋ ತೋಚದಿದ್ದರೆ "ಎಲ್ಲಿಂದ ಶುರು ಮಾಡಲಿ ಗೊತ್ತಾಗ್ತಿಲ್ಲ" ಎಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ಹಳ್ಳಿಯವರಿಗೆ ತಾಲ್ಲೂಕು ಆಸ್ಪತ್ರೆಯೇ ಹತ್ತಿರ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಅಲ್ಲಿಗೆ ಮಂಗಳವಾರ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಮೊದಲೇ ಕೇಳಿಕೊಂಡು ಬಸ್ ಹತ್ತಿ. ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಸಿಗಬೇಕು ಎಂಬ ಯೋಚನೆ ನಮ್ಮ ರಾಜ್ಯದ್ದೇ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದ್ದೇ ಇವೆ. ಜಿಲ್ಲಾ ಕ್ರೀಡಾಂಗಣದ ಯುವಸ್ಪಂದನ ಕೇಂದ್ರದಲ್ಲಿ ಯುವಕರಿಗೇ ಎಂದು ಮಾತಾಡಿಸುವವರಿದ್ದಾರೆ. ಸ್ಟೇಡಿಯಮ್ಮಿಗೆ ಹೋಗುವುದನ್ನು ಯಾರು ನೋಡಿದರೂ ಚಿಂತೆಯಿಲ್ಲ, ಅದೊಂದು ಲಾಭ.

ಯಾರು ಯಾರೆಂಬ ಗೊಂದಲದಲ್ಲೂ ತಿಂಗಳುಗಳು ಹೋಗುತ್ತವೆ. ಮಾತ್ರೆ ಬರೆಯುವವರು ಎಂಬಿಬಿಎಸ್ ಆದ ಮೇಲೆ ಈ ವಿಷಯ ಓದಿದ ಮನೋವೈದ್ಯರು. ಮಾತಿನ ಚಿಕಿತ್ಸೆ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಅವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರಬೇಕು, ಧೈರ್ಯವಾಗಿ ಕೇಳಿ. ಕಾಲೇಜಿನ ಆಪ್ತ ಸಮಾಲೋಚಕರು ಮೊದಲ ಬಾಗಿಲು, ಅಲ್ಲಿಂದ ಮುಂದೆ ಕಳಿಸುತ್ತಾರೆ. "ನರ ವೀಕ್ ಆಗ್ಯಾವ" ಎಂದುಕೊಂಡು ನರರೋಗ ತಜ್ಞರ ಹತ್ತಿರ ಹೋಗಿ ಸಾವಿರಾರು ರೂಪಾಯಿ ಸ್ಕ್ಯಾನಿಗೆ ಸುರಿದು ಬಂದವರು ನಮ್ಮ ಕ್ಯೂನಲ್ಲಿ ಯಾವಾಗಲೂ ಇರುತ್ತಾರೆ.

ಮೊದಲ ಭೇಟಿಗೆ ಒಂದು ಹಾಳೆ ಬರೆದುಕೊಂಡು ಹೋಗಿ. ಒಳಗೆ ಕೂತಾಗ ಅರ್ಧ ಮರೆತುಹೋಗುತ್ತದೆ, ಇನ್ನರ್ಧಕ್ಕೆ ಗಂಟಲು ಕಟ್ಟುತ್ತದೆ. ಹಾಳೆಯಲ್ಲಿ ಸಾಹಿತ್ಯ ಬೇಡ, ಇಷ್ಟಿದ್ದರೆ ಸಾಕು: "ಜೂನ್ ಕೊನೆಯಿಂದ ಸರಿಯಿಲ್ಲ. 11ಕ್ಕೆ ಮಲಗಿದರೆ 2ಕ್ಕೆ ನಿದ್ದೆ, 4ಕ್ಕೆ ಎಚ್ಚರ. ತೂಕ 58 ಇತ್ತು, ಈಗ 53. ಎರಡು ಟೆಸ್ಟ್ ಬರೆದಿಲ್ಲ. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನಾಲ್ಕು ಸಲ ತಗೊಂಡೆ. ಚಿಕ್ಕಪ್ಪನಿಗೂ ಹೀಗೇ ಆಗಿತ್ತು." ಬಾಯಿ ಬಾರದಿದ್ದರೆ ಹಾಳೆಯನ್ನೇ ವೈದ್ಯರ ಮುಂದೆ ಇಡಿ. ಕುಡಿತ, ಗಾಂಜಾ ಇದ್ದರೆ ಅದನ್ನೂ ಬರೆಯಿರಿ. ಬೈಯಲು ಕೇಳುವುದಲ್ಲ, ಮಾತ್ರೆ ಆರಿಸಲು ಕೇಳುವುದು. ಇನ್ನೊಂದು ಪ್ರಶ್ನೆ ವಿಚಿತ್ರವೆನ್ನಿಸಬಹುದು: ಯಾವಾಗಾದರೂ ನಾಲ್ಕೈದು ದಿನ ನಿದ್ದೆಯೇ ಬೇಡವೆನಿಸಿ, ಭಾರೀ ಹುರುಪು ಬಂದು, ವಿಪರೀತ ಮಾತು, ವಿಪರೀತ ಖರ್ಚು ಆಗಿತ್ತೇ? ಹಾಗಾಗಿದ್ದರೆ ಅದು ಖಿನ್ನತೆಯೂ ಅತಿ ಹುರುಪೂ ಬಂದು ಹೋಗುವ ಬೈಪೋಲಾರ್ ಕಾಯಿಲೆ ಇರಬಹುದು. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ಆ ಇನ್ನೊಂದು ತುದಿಗೆ ಹಾರಬಹುದು. ಗೆಳೆಯನ ಚೀಟಿ ತೋರಿಸಿ ಮಾತ್ರೆ ಕೊಳ್ಳಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಥೈರಾಯಿಡ್, ಹಿಮೋಗ್ಲೋಬಿನ್ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ. ಥೈರಾಯಿಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಇದೇ ಸುಸ್ತು, ಇದೇ ಮಂಕು.

ಖಿನ್ನತೆ ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು. ಮಾತ್ರೆ ಬೇಕಾದಾಗ ಸಾಮಾನ್ಯವಾಗಿ ಬರೆಯುವುದು ಎಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲೂಆಕ್ಸೆಟಿನ್ ಜಾತಿಯವು, ಅದೂ ಸಣ್ಣ ಪ್ರಮಾಣದಿಂದ. ಜನ ಮಾತ್ರೆ ಬಿಡುವುದು ಇದರ ಲಯ ಗೊತ್ತಿಲ್ಲದೆ. ಮೊದಲ ವಾರ ತೊಂದರೆ ಮಾತ್ರ ಕಾಣುತ್ತದೆ: ವಾಕರಿಕೆ, ತಲೆನೋವು, ಹೊಟ್ಟೆ ಸಡಿಲ, ಕೆಲವರಿಗೆ ಚಡಪಡಿಕೆ. ಗುಣ ಕಾಣುವುದು ಎರಡರಿಂದ ನಾಲ್ಕು ವಾರದ ಮೇಲೆ. ಈ ಮಾತ್ರೆ ಹಿಡಿಸಿತೋ ಇಲ್ಲವೋ ಎಂದು ಹೇಳಲು ಆರು ವಾರವಾದರೂ ಬೇಕು. ನೋವಿನ ಗುಳಿಗೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡಲಿ ಎಂದು ಕಾದವರು ಹತ್ತನೇ ದಿನಕ್ಕೆ ನಿಲ್ಲಿಸುತ್ತಾರೆ. ವಾಕರಿಕೆಗೆ ಊಟವಾದ ಮೇಲೆ ತೆಗೆದುಕೊಳ್ಳಿ, ನಿದ್ದೆ ಕೆಟ್ಟರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. 25 ವರ್ಷದೊಳಗಿನವರಲ್ಲಿ ಕೆಲವರಿಗೆ ಮೊದಲ ಕೆಲವು ವಾರ ಸಾವಿನ ಯೋಚನೆ ಹೆಚ್ಚಬಹುದು. ಆ ದಿನಗಳಲ್ಲಿ ಒಬ್ಬರು ಜೊತೆಗಿರಲಿ. ಅಂಥ ಯೋಚನೆ ಹೆಚ್ಚಿದರೆ ಮುಂದಿನ ತಾರೀಖಿಗೆ ಕಾಯದೆ ಅದೇ ದಿನ ವೈದ್ಯರಿಗೆ ತಿಳಿಸಿ.

ಎರಡನೆಯ ಎಡವಟ್ಟು ಆಗುವುದು ಚೆನ್ನಾಗಿ ಆದ ಮೇಲೆ. ಎರಡು ತಿಂಗಳಿಗೆ ನಗು ಬಂತು, ಮನೆಯವರು "ಇನ್ನ ಸಾಕು, ಚಟ ಆಗತೈತಿ" ಎಂದರು, ಸ್ಟ್ರಿಪ್ಪು ಡ್ರಾಯರ್ ಸೇರಿತು. ನಾಲ್ಕು ದಿನಕ್ಕೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂತೆ, ಸಿಡುಕು. "ನೋಡು, ಚಟ ಆಗೇಬಿಟ್ಟಿತ್ತು" ಎಂದು ಅದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಅದು ಚಟವಲ್ಲ, ಒಮ್ಮೆಲೇ ನಿಲ್ಲಿಸಿದ್ದರ ಫಲ. ಪೂರ್ತಿ ಸರಿಹೋದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು. ನಿಜವಾಗಿ ಚಟ ಹಿಡಿಸುವ ಮಾತ್ರೆಗಳೂ ಇವೆ: ತಕ್ಷಣ ಸಮಾಧಾನ ಕೊಡುವ ಆಲ್ಪ್ರಜೋಲಾಮ್, ಕ್ಲೊನಜೆಪಾಮ್. ವೈದ್ಯರು ಅವನ್ನು ಕೆಲವೇ ವಾರಕ್ಕೆ ಬರೆಯುತ್ತಾರೆ. ಆದರೆ ಹುಡುಗರು ನಿಧಾನದ ಮಾತ್ರೆ ಬಿಟ್ಟು ಇದನ್ನೇ ಹುಡುಕಿ ಮುಂದುವರಿಸುತ್ತಾರೆ.

ಮಾತಿನ ಚಿಕಿತ್ಸೆ ಎಂದರೆ ಬುದ್ಧಿವಾದವಲ್ಲ. ಒಂದು ಸಲಕ್ಕೆ 45ರಿಂದ 50 ನಿಮಿಷ, ಎಂಟರಿಂದ ಹದಿನಾರು ಭೇಟಿ, ಪ್ರತಿ ಸಲ ಮನೆಗೆಲಸ. ಖಿನ್ನತೆ ಇದ್ದವರು "ಮನಸ್ಸು ಬಂದಾಗ ಮಾಡ್ತೀನಿ" ಎನ್ನುತ್ತಾರೆ. ಚಿಕಿತ್ಸೆ ಇದನ್ನು ತಿರುವಿ ಹಾಕುತ್ತದೆ. ಏಳು ಗಂಟೆಗೆ ಹಲ್ಲುಜ್ಜಿ ಗೇಟಿನವರೆಗೆ ನಡೆ, ಮನಸ್ಸಿರಲಿ ಬಿಡಲಿ. ಮುಗಿದ ಮೇಲೆ ಹೇಗನ್ನಿಸಿತು ಎಂದು ಹತ್ತಕ್ಕೆ ಅಂಕ ಹಾಕು. ಆತಂಕದಲ್ಲಿ ರೋಗವನ್ನು ಸಾಕುವುದು ತಪ್ಪಿಸಿಕೊಳ್ಳುವ ಅಭ್ಯಾಸ. ಸೆಮಿನಾರಿಗೆ ನಡುಗುವವಳು ಮೊದಲು ಕೋಣೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಓದುತ್ತಾಳೆ, ಆಮೇಲೆ ರೂಮ್‌ಮೇಟ್ ಮುಂದೆ, ಆಮೇಲೆ ಮೂವರ ಮುಂದೆ ಖಾಲಿ ಕ್ಲಾಸಿನಲ್ಲಿ, ಕೊನೆಗೆ ಕ್ಲಾಸಿನ ಮುಂದೆ. ಪ್ರತಿ ಮೆಟ್ಟಿಲಲ್ಲೂ ಹೆದರಿಕೆ ತಾನಾಗಿ ಇಳಿಯುವವರೆಗೆ ನಿಲ್ಲಬೇಕು. ಅದು ಏರಿದ್ದಾಗಲೇ ಹೊರಗೆ ಓಡಿದರೆ, ಓಡಿದ್ದಕ್ಕೇ ಬದುಕಿದೆ ಎಂದು ಮನಸ್ಸು ಕಲಿತುಬಿಡುತ್ತದೆ. ನಮ್ಮ ಎಕ್ಸ್‌ಪ್ರೆಸ್ ಮೂರು ವರ್ಷ ಕಲಿತದ್ದು ಅದನ್ನೇ.

ಗುಟ್ಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ಮಾಹಿತಿ ಗೋಪ್ಯ. ಪ್ರಾಂಶುಪಾಲರು ಫೋನ್ ಮಾಡಿ ಕೇಳಿದರೂ ಆಸ್ಪತ್ರೆ ಹೇಳುವಂತಿಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಎನ್ನಿಸುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಸಂಬಂಧಪಟ್ಟವರಿಗೆ ತಿಳಿಸುತ್ತಾರೆ. 18 ತುಂಬದ ಪಿಯು ಮಕ್ಕಳ ಚಿಕಿತ್ಸೆಗೆ ಪಾಲಕರು ಬೇಕು. ಮನೆಯಲ್ಲಿ ಹೇಳುವಾಗ "ಡಿಪ್ರೆಶನ್" ಎಂಬ ಶಬ್ದ ಹಿಡಿದು ಜಗಳಕ್ಕೆ ಬೀಳುವ ಬದಲು, "ಅವ್ವಾ, ಎರಡು ತಿಂಗಳಿಂದ ನಿದ್ದಿ ಇಲ್ಲ, ತೂಕ ಐದು ಕಿಲೋ ಇಳಿದೈತಿ, ಡಾಕ್ಟರ್ ಕಡೆ ಹೋಗೂಣು" ಎಂದರೆ ಬೇಗ ಹೊರಡುತ್ತಾರೆ. ದೃಷ್ಟಿ ತೆಗೆಸಬೇಕು, ಹರಕೆ ಮುಗಿಸಬೇಕು ಎಂದರೆ ಬೇಡ ಎನ್ನಬೇಡಿ. ಅದೂ ಆಗಲಿ, ಮಾತ್ರೆಯೂ ನಡೆಯಲಿ.

ರೂಮ್‌ಮೇಟ್ "ನಾನಿದ್ದು ಏನು ಉಪಯೋಗ" ಎನ್ನತೊಡಗಿದರೆ ನೇರವಾಗಿ ಕೇಳಿ: ಸಾಯಬೇಕು ಅನ್ನಿಸ್ತಿದೆಯಾ? ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಅವರ ಭಾರ ಇಳಿಯುತ್ತದೆ. ಹೌದು ಎಂದರೆ ಆ ರಾತ್ರಿ ಒಬ್ಬರನ್ನೇ ಬಿಡಬೇಡಿ, ಮಾತ್ರೆಗಳಿದ್ದರೆ ನಿಮ್ಮ ಹತ್ತಿರ ಇಟ್ಟುಕೊಳ್ಳಿ, 14416ಕ್ಕೆ ಜೊತೆಗೇ ಕೂತು ಫೋನ್ ಮಾಡಿ. ಕೈಮೀರುತ್ತಿದೆ ಎನ್ನಿಸಿದರೆ 108. "ಯಾರಿಗೂ ಹೇಳಲ್ಲ" ಎಂಬ ಆಣೆ ಮಾತ್ರ ಹಾಕಬೇಡಿ. ವಾರ್ಡನ್ನರಿಗೂ ಮನೆಗೂ ತಿಳಿಸಬೇಕಾಗುತ್ತದೆ.

ಕೊನೆಗೆ ಹಾಜರಿಯ ಮಾತು, ಯಾಕೆಂದರೆ ಎಷ್ಟೋ ಮಂದಿ ಚಿಕಿತ್ಸೆ ಅರ್ಧಕ್ಕೆ ಬಿಡುವುದು ಶೇಕಡಾ 75ರ ಹೆದರಿಕೆಗೆ. ಭೇಟಿಯ ದಿನವೇ ಪ್ರಮಾಣಪತ್ರ ಕೇಳಿ. ಸೆಮಿಸ್ಟರ್ ಮುಗಿಯುವಾಗ ಹಿಂದಿನ ತಾರೀಖಿಗೆ ಕೇಳಿದರೆ ಯಾರೂ ಬರೆದುಕೊಡುವುದಿಲ್ಲ. ಅದರಲ್ಲಿ ರೋಗದ ಹೆಸರು ಬೇಡವೆಂದು ನೀವೇ ಹೇಳಬಹುದು. "ಚಿಕಿತ್ಸೆಯಲ್ಲಿದ್ದಾರೆ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ವಿಶ್ರಾಂತಿ ಬೇಕು" ಎಂದಿದ್ದರೆ ನಡೆಯುತ್ತದೆ. ಕಚೇರಿಗೆ ಝೆರಾಕ್ಸ್ ಕೊಟ್ಟು ಮೂಲಪ್ರತಿ ನಿಮ್ಮಲ್ಲಿಟ್ಟುಕೊಳ್ಳಿ, ನಿಮ್ಮದೇ ಇನ್ನೊಂದು ಝೆರಾಕ್ಸಿನ ಮೇಲೆ ಸ್ವೀಕರಿಸಿದ ಸಹಿ, ತಾರೀಖು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.