ಮಾಂಟೆಸ್ಸರಿಗೆ ಹೋದ ಅತ್ತೆಯ ಮೊರ

ಶಿವಮೊಗ್ಗದಲ್ಲಿ ಮಗಳು ಹೋಗುವ ಮಾಂಟೆಸ್ಸರಿಯಲ್ಲಿ (ಪುಟ್ಟ ಮಕ್ಕಳು ತಾವೇ ಕೈಯಾರೆ ಮಾಡಿ ಕಲಿಯುವ ಶಾಲೆ) ಮೂರರಿಂದ ಆರು ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಇರುತ್ತಾರೆ. ಬೆಂಚಿಲ್ಲ, ಚಾಪೆ. ಒಬ್ಬಳು ಹತ್ತು ಗುಲಾಬಿ ಘನಗಳನ್ನು ಪೇರಿಸುತ್ತಿರುತ್ತಾಳೆ. ದೊಡ್ಡದು 10 ಸೆಂ.ಮೀ., ಚಿಕ್ಕದು 1 ಸೆಂ.ಮೀ. (ಆ ಚಿಕ್ಕದು ಕಾಣದಿದ್ದರೆ ಎಲ್ಲರ ಜೇಬು ತಪಾಸಣೆ!) ಇನ್ನೊಬ್ಬ ಮರಳುಕಾಗದದ 'ಅ' ಮೇಲೆ ಬೆರಳಾಡಿಸುತ್ತಿರುತ್ತಾನೆ.

ಮಕ್ಕಳಿಗೆ ಏನಾದರೂ ಕೆಲಸ ತೋರಿಸಿಕೊಡಲು ಆಗಾಗ ಮನೆಯವರನ್ನೂ ಕರೆಯುತ್ತಾರೆ. ಈ ಸಲ ನಮ್ಮತ್ತೆ ತೀರ್ಥಹಳ್ಳಿಯಿಂದ ಮೊರ ಹಿಡಿದೇ ಬಂದರು. ಹೆಸರುಕಾಳು, ಅವರೆಕಾಳು ಬೆರೆಸಿಟ್ಟು "ಆರಿಸಿ ನೋಡೋಣ" ಅಂದರು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಪೆನ್ಸಿಲ್ ಹಿಡಿಯೋದೂ ಇವೇ ಮೂರರಿಂದ ಅಲ್ವಾ? ಒಬ್ಬ ಹುಡುಗನಂತೂ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬರೀ ಮುಟ್ಟಿಯೇ ಬೇರೆ ಮಾಡಿದ. ಅತ್ತೆ ಮೊರದಲ್ಲಿ ಕೇರಿ ತೋರಿಸಿದಾಗ ಕೋಣೆಯೆಲ್ಲ ಹೊಟ್ಟು. ಯಾರೂ ಹೇಳಲಿಲ್ಲ, ಮಕ್ಕಳೇ ಪುಟ್ಟ ಪೊರಕೆ ತಂದು ಗುಡಿಸಿದರು.

ಕಷ್ಟ ಇರೋದು ಮನೆಯಲ್ಲಿ. ರೇನ್‌ಕೋಟಿನ ಗುಂಡಿ ಮಗಳೇ ಹಾಕಿಕೊಳ್ಳಬೇಕು. ಹೊರಗೆ ಆಟೋದವರು ಹಾರ್ನ್ ಹೊಡೆಯುತ್ತಿರುತ್ತಾರೆ. ಅವಸರಕ್ಕೆ ನಾವು ಕೈ ಹಾಕಿದರೆ ಎಲ್ಲ ಬಿಚ್ಚಿ ಮೊದಲಿನಿಂದ ಶುರು. ಈ ಪದ್ಧತಿ ಶುರು ಮಾಡಿದ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ 'ಮಕ್ಕಳ ಮನೆ' ತೆರೆದದ್ದು ರೋಮ್‌ನಲ್ಲಿ. ಮಲೆನಾಡಿನ ಜುಲೈ ತಿಂಗಳಲ್ಲಿ ತೆರೆದಿದ್ದರೆ ಗುಂಡಿ ಬದಲು ಜಿಪ್ ಕಲಿಸುತ್ತಿದ್ದರೇನೋ!

ಮುಂದಿನ ಸರದಿ ನಮ್ಮನೆಯವರದ್ದು. ಮೊಂಡು ಚಾಕುವಿನಲ್ಲಿ ಬಾಳೆಹಣ್ಣು ಹೆಚ್ಚಿ ತೋರಿಸಬೇಕಂತೆ. ಮನೆಯಲ್ಲಿ ಚಾಕು ಮುಟ್ಟಿದವರೇ ಅಲ್ಲ. ಸದ್ಯಕ್ಕೆ ಮಗಳು ಪಕ್ಕದಲ್ಲಿ ಕೂತು ಅಪ್ಪನಿಗೆ ಹೇಳಿಕೊಡುತ್ತಿದ್ದಾಳೆ.